ಜಗಳದ ಟ್ರೇ

ಟೂತ್‌ಪೇಸ್ಟಿನ ಟ್ಯೂಬಿನ ಹಿಂಭಾಗದಲ್ಲಿ ಸಣ್ಣಕ್ಷರದ ಒಂದು ಇಂಗ್ಲಿಷ್ ವಾಕ್ಯವಿತ್ತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅವಳು ಅದನ್ನು ಮೂರನೆಯ ಸಲ ಓದಿದಳು. ಕರ್ತೃ ಸಿಕ್ಕಿತು. ಕ್ರಿಯಾಪದಗಳು ಎರಡಿದ್ದವು. ಯಾವುದು ಮುಖ್ಯವಾದದ್ದು, ಯಾವುದು ಅದರ ಆಸರೆಯಲ್ಲಿರುವುದು ಎಂದು ತಟ್ಟನೆ ಹೊಳೆಯಲಿಲ್ಲ. ಮೊದಲು ಕಂಡದ್ದರ ಕೆಳಗೆ ಗೆರೆ ಎಳೆಯಲು ಬೆರಳು ತಾನಾಗಿಯೇ ಹೊರಟಿತು. ಅಲ್ಲ, ಎರಡನೆಯದು, ಎಂದುಕೊಂಡಳು. ಎರಡನೆಯದೇ ಇರಬೇಕು. ಆ 'ಇರಬೇಕು' ಎಂಬ ಮಾತಿಗೇ ಬ್ರಷ್ ನಿಂತಿತು. ವರ್ಷದ ಹಿಂದೆ ಇಂಥ ವಾಕ್ಯಗಳನ್ನು ನಿದ್ದೆಗಣ್ಣಿನಲ್ಲೂ ಬಿಡಿಸಿ ಇಡುತ್ತಿದ್ದವಳು ಅವಳು.

"ಒಳಗೆ ಪೇಸ್ಟ್ ತಯಾರು ಮಾಡ್ತಿದ್ದೀಯೇನೇ? ಅಪ್ಪ ಆಗ್ಲೇ ಶೂ ಹಾಕ್ಕೊಂಡು ನಿಂತಿದಾರೆ," ಎಂದು ಅಮ್ಮ ಬಾಗಿಲು ಬಡಿದಳು.

ಅಪ್ಪ ನಿಜಕ್ಕೂ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕಪ್ಪು ಶಾಯಿಯ ಪೆನ್ನು, ಕೈಯಲ್ಲಿ ಇಬ್ಬರ ಊಟದ ಡಬ್ಬಿಯ ಚೀಲ. ಅಮ್ಮ ಅವಳ ಬ್ಯಾಗನ್ನು ತಲೆಕೆಳಗು ಮಾಡಿ ಕಸದ ಬುಟ್ಟಿಯ ಮೇಲೆ ಒದರುತ್ತಿದ್ದಳು. ಬೂದು ಬಣ್ಣದ ಸಣ್ಣ ಸಣ್ಣ ಸುರುಳಿಗಳು ಉದುರಿದವು.

"ನೋಡಿ, ನಿಮ್ಮ ಮಗಳ ಬ್ಯಾಗಲ್ಲಿ ದಿನಾ ಒಂದು ಮುಷ್ಟಿ ರಬ್ಬರ್ ಪುಡಿ. ಇವಳು ಡಿಗ್ರಿ ಮುಗಿಸಿದವಳೋ, ಮೂರನೇ ಕ್ಲಾಸೋ?"

"ಅಳಿಸಿದ್ರೆ ಏನಂತೆ ಕಣೇ, ಕಲೀತಿದಾಳೆ," ಎಂದ ಅಪ್ಪ. "ನನ್ನ ಹಾಗೆ ನೇರ ಪೆನ್ನಲ್ಲೇ ಬರೆಯೋದಕ್ಕೆ ಅವಳಿಗಿನ್ನೂ..." ಎಂದು ಮಾತು ನಿಲ್ಲಿಸಿ ಬಾಗಿಲ ಚಿಲಕವನ್ನು ನೋಡತೊಡಗಿದ.

"...ಹತ್ತು ವರ್ಷ ಬೇಕು. ಗೊತ್ತು ಬಿಡಿ, ಹೊರಡಿ," ಎಂದು ಅಮ್ಮ ಅದನ್ನು ಮುಗಿಸಿಕೊಟ್ಟಳು. ಈಚೆಗೆ ಆ ಮನೆಯಲ್ಲಿ ಅಪ್ಪನ ಮಾತುಗಳು ಹೀಗೆಯೇ ಮುಗಿಯುತ್ತಿದ್ದವು. ಅರ್ಧ ಅಪ್ಪನದು, ಅರ್ಧ ಅಮ್ಮನದು. ಅದು ಯಾವಾಗ ಶುರುವಾಯಿತೆಂದು ತಾಯಿಯಾಗಲಿ ಮಗಳಾಗಲಿ ಇನ್ನೊಬ್ಬರನ್ನು ಕೇಳಿರಲಿಲ್ಲ.

ಆಫೀಸು ಬಣ್ಣದ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಒಂದು ಕೋಣೆ, ಆರು ಮೇಜು, ಬೆಳಗಿನಿಂದ ಸಂಜೆಯವರೆಗೆ ಉರಿಯುವ ಟ್ಯೂಬ್‌ಲೈಟು. ಎಲ್ಲೋ ದೂರದಲ್ಲಿ ಯಾರೋ ಯಂತ್ರಗಳಿಗೆ ಇಂಗ್ಲಿಷ್ ಓದಲು ಕಲಿಸುತ್ತಿದ್ದರು. ಆ ಯಂತ್ರಗಳಿಗೆ ಬಾಯಿಪಾಠಕ್ಕೆಂದು ಇಲ್ಲಿ ವಾಕ್ಯಗಳನ್ನು ಬಿಡಿಸಿ ಕೊಡಬೇಕಿತ್ತು. ಒಂದು ಹಾಳೆಗೆ ಹತ್ತು ವಾಕ್ಯ. ಕರ್ತೃವಿಗೆ ಚೌಕ, ಮುಖ್ಯ ಕ್ರಿಯಾಪದಕ್ಕೆ ಎರಡು ಗೆರೆ, ಉಪವಾಕ್ಯಕ್ಕೆ ಕಂಸ, ಆಮೇಲೆ ಯಾವ ಪದ ಯಾವ ಪದಕ್ಕೆ ಆತುಕೊಂಡಿದೆ ಎಂದು ಬಾಣ. ಪ್ರತಿ ಹಾಳೆಯನ್ನೂ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಬೇರೆ ಬೇರೆಯಾಗಿ ಬಿಡಿಸಬೇಕು. ಇಬ್ಬರದೂ ಒಂದೇ ಆದರೆ ಅದು ಸರಿ ಎಂದು ಲೆಕ್ಕ, ಹಾಳೆ ನೀಲಿ ಟ್ರೇಗೆ ಹೋಗುತ್ತಿತ್ತು. ಬೇರೆಯಾದರೆ ಕೆಂಪು ಟ್ರೇಗೆ. ಅದನ್ನು ಎಲ್ಲರೂ ಜಗಳದ ಟ್ರೇ ಎನ್ನುತ್ತಿದ್ದರು. ಜಗಳದ ಟ್ರೇಯಲ್ಲಿ ಬಿದ್ದದ್ದನ್ನು ಮಾತ್ರ ಮೇಲ್ವಿಚಾರಣೆಯ ಮೇಡಂ ತೆರೆದು ನೋಡಿ, ಯಾರದು ತಪ್ಪು ಎಂದು ತೀರ್ಮಾನಿಸುತ್ತಿದ್ದರು.

ಅಪ್ಪ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ವಾಕ್ಯ ಬಿಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಆ ಕಾಲದ ಇನ್ಸ್‌ಪೆಕ್ಟರುಗಳೇ ಒಪ್ಪಿದ್ದರಂತೆ. ಇಲ್ಲಿ ಕೆಲಸ ಸಿಕ್ಕ ದಿನ ಮನೆಗೆ ಬಂದು, "ನಾನು ಕಲಿಸಿದ್ದು ಇಷ್ಟು ದಿನ ಹುಡುಗರ ತಲೆಗೆ ಹೋಗ್ಲಿಲ್ಲ, ಇನ್ಮೇಲೆ ಯಂತ್ರದ ತಲೆಗಾದರೂ ಹೋಗತ್ತೆ," ಎಂದು ನಕ್ಕಿದ್ದ. ತಿಂಗಳ ನಂತರ ಅವಳನ್ನೂ ಕರೆದುಕೊಂಡು ಹೋದ. ಸಂದರ್ಶನದಲ್ಲಿ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕೇಳಿದ್ದಕ್ಕೆಲ್ಲ ಅಪ್ಪನೇ ಉತ್ತರ ಕೊಟ್ಟ. ಕೊನೆಗೆ ಮೇಡಂ ಒಂದು ಹಾಳೆ ಮುಂದಿಟ್ಟರು. ಅವಳು ಹತ್ತೂ ವಾಕ್ಯಗಳನ್ನು ಏಳು ನಿಮಿಷದಲ್ಲಿ ಬಿಡಿಸಿ, ತಲೆ ತಗ್ಗಿಸಿ ಕೂತಳು. ಆಫೀಸಿನಲ್ಲಿ ತನ್ನನ್ನು 'ಸರ್' ಎನ್ನಬೇಕು, 'ನೀವು' ಎನ್ನಬೇಕು, ಇಲ್ಲದಿದ್ದರೆ ಅಪ್ಪ-ಮಗಳ ಅಂಗಡಿ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಅಪ್ಪ ಮೆಟ್ಟಿಲಿಳಿಯುವಾಗಲೇ ಕಟ್ಟುಮಾಡಿದ. ಆದರೂ ಜೋಡಿ ಮಾಡುವಾಗ ಇಬ್ಬರೂ ಒಟ್ಟಿಗೇ ಬಿದ್ದರು. ಬೇರೆಯವರು ಯಾರೂ ಮೇಷ್ಟ್ರ ಜೊತೆ ಜೋಡಿಯಾಗಲು ಒಪ್ಪಿರಲಿಲ್ಲ. ಜಗಳದ ಟ್ರೇಯಲ್ಲಿ ಮೇಷ್ಟ್ರು ಯಾವಾಗಲೂ ಗೆಲ್ಲುತ್ತಿದ್ದರು ಎಂಬುದು ಅದಕ್ಕೆ ಕಾರಣ.

ಎಂಟು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಅಪ್ಪನ ಹಾಳೆಯಲ್ಲಿ ಅವಳು ಮೊದಲ ತಪ್ಪು ಕಂಡಳು. ಅಪ್ಪನಿಗೆ ಮಂಡಿನೋವಿದ್ದುದರಿಂದ ಇಬ್ಬರ ಹಾಳೆಗಳನ್ನೂ, ಅವನ್ನು ಹೋಲಿಸಿ ಟ್ರೇಗೆ ಹಾಕುವ ಕೆಳಗಿನ ಮಹಡಿಯ ಟೈಪಿಸ್ಟುಗಳಿಗೆ ಮುಟ್ಟಿಸುವುದು ಅವಳ ಪಾಲಿಗೆ ಬಂದಿತ್ತು. ಅಣ್ಣ ಕಳಿಸಿದ ಕಾಗದವನ್ನು ಯಾರೂ ಒಡೆಯಲೇ ಇಲ್ಲ ಎಂಬರ್ಥದ ಒಂದು ಸಾಧಾರಣ ವಾಕ್ಯ. ಅಪ್ಪ 'ಕಳಿಸಿದ' ಎಂಬುದರ ಕೆಳಗೆ ಎರಡು ಗೆರೆ ಎಳೆದು, ಅಲ್ಲಿಗೆ ವಾಕ್ಯ ಮುಗಿಯಿತೆಂಬಂತೆ ಮುಂದಿನದಕ್ಕೆ ಹೋಗಿಬಿಟ್ಟಿದ್ದ. ಕಾಗದಕ್ಕೆ ಕೊನೆಗೆ ಏನಾಯಿತು ಎಂಬುದರ ತನಕ ಅವನು ಹೋಗಿಯೇ ಇರಲಿಲ್ಲ. ಅವಳು ಮೆಟ್ಟಿಲ ತಿರುವಿನಲ್ಲಿ ಬಹಳ ಹೊತ್ತು ನಿಂತಳು. ಅಪ್ಪನದು ಪೆನ್ನಿನ ಗೆರೆ, ಕಾಗದದ ಹಿಂಬದಿಗೂ ಮೂಡುವಷ್ಟು ಒತ್ತಿ ಎಳೆದದ್ದು. ಅದನ್ನು ಅಳಿಸಲು ಬರುವುದಿಲ್ಲ. ತನ್ನದು ಪೆನ್ಸಿಲಿನದು. ಹಾಗೆ ಅವಳು ತನ್ನ ಸರಿಯನ್ನು ಅಳಿಸಿ, ಅಪ್ಪನ ತಪ್ಪನ್ನು ಬರೆದುಕೊಂಡಳು. ಹಾಳೆ ನೀಲಿ ಟ್ರೇಗೆ ಹೋಯಿತು.

ಒಂದು ಸಲಕ್ಕೆ ಮಾತ್ರ ಎಂದುಕೊಂಡಿದ್ದಳು. ಆಮೇಲೆ ವಾರಕ್ಕೆ ನಾಲ್ಕಾಯಿತು, ದಿನಕ್ಕೆ ನಾಲ್ಕಾಯಿತು. ಅಪ್ಪನ ತಪ್ಪಿಗೂ ಒಂದು ದಾರಿಯಿತ್ತು. ವಾಕ್ಯ ಚಿಕ್ಕದಾದರೆ ಎಲ್ಲ ಸರಿ. ಉದ್ದವಾದರೆ ಅರ್ಧ ದಾರಿಯಲ್ಲಿ, ಮೊದಲು ಸಿಕ್ಕ ಕ್ರಿಯಾಪದದ ನೆರಳಲ್ಲಿ ಕೂತುಬಿಡುತ್ತಿದ್ದ. ಆ ದಾರಿ ಅವಳಿಗೆ ಎಷ್ಟು ಪಾಠವಾಯಿತೆಂದರೆ, ಕಡೆಕಡೆಗೆ ಅಪ್ಪನ ಹಾಳೆ ನೋಡುವ ಮೊದಲೇ ಅವನು ಎಲ್ಲಿ ನಿಲ್ಲುತ್ತಾನೆಂದು ಹೇಳಬಲ್ಲವಳಾಗಿದ್ದಳು. ದಿನಚರಿಯಲ್ಲಿ ಮಾತ್ರ ಇದನ್ನು ಬರೆದಿದ್ದಳು, ಅದೂ ಒಂದೇ ಒಂದು ಸಲ. ಬರೆದು, ಮರುದಿನ ಆ ಪುಟ ಹರಿದು ಹಾಕಿದ್ದಳು.

"ಬಂದ್ರು ನೋಡಿ, ಜಗಳವಿಲ್ಲದ ಸಂಸಾರ," ಎಂದ ಬಾಗಿಲ ಬಳಿಯ ಮೇಜಿನವನು. ಎರಡು ವಾಕ್ಯಕ್ಕೊಮ್ಮೆ ಟೀಗೆ ಎದ್ದು ಹೋಗುತ್ತಿದ್ದುದರಿಂದ ಅವನಿಗೆ ಅಲ್ಲಿ ಅಲ್ಪವಿರಾಮ ಎಂದೇ ಹೆಸರು. "ಮೇಷ್ಟ್ರೇ, ಎಂಟು ತಿಂಗಳಿಂದ ನಿಮ್ಮದೊಂದು ಹಾಳೇನೂ ಕೆಂಪು ಟ್ರೇ ಮುಖ ನೋಡಿಲ್ಲ. ನಾನೂ ನನ್ನ ಹೆಂಡ್ತೀನೂ ಒಂದು ದಿನ ಅಷ್ಟು ಒಪ್ಪಿದ್ರೆ ಸಾಕಿತ್ತು."

"ಒಳ್ಳೇ ತಳಪಾಯ ಹಾಕಿದ್ರೆ ಎಲ್ಲಾ ಒಪ್ಪತ್ತಪ್ಪಾ," ಎಂದ ಅಪ್ಪ, ಕನ್ನಡಕ ಒರೆಸುತ್ತ.

ಅಷ್ಟರಲ್ಲಿ ಒಳಕೋಣೆಯಿಂದ ಮೇಡಂ ಕರೆದರು. ಇಬ್ಬರನ್ನೂ.

ಮೇಡಂ ಕೆಟ್ಟವರಲ್ಲ. ಆ ದಿನ ಅವರ ಮೇಜಿನ ಮೇಲೆ ಕುಡಿಯದ ಟೀ ಕೆನೆಗಟ್ಟಿತ್ತು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಮೇಲೊಂದು ಅಚ್ಚಾದ ಹಾಳೆ ಇಟ್ಟರು.

"ಮೇಷ್ಟ್ರೇ, ಆಗಾಗ ಮೇಲಿನವರು ನಮಗೆ ಹೇಳದೆ ಉತ್ತರ ಗೊತ್ತಿರೋ ಹಾಳೆಗಳನ್ನ ಮಧ್ಯ ಸೇರಿಸ್ತಾರೆ. ನಾವು ಸರಿಯಾಗಿ ಮಾಡ್ತಿದೀವಾ ಅಂತ ನೋಡೋಕೆ. ಈ ಸಲ ನಿಮಗೆ ಬಂದಿತ್ತು. ಹತ್ತರಲ್ಲಿ ಆರು ತಪ್ಪು."

ಅಪ್ಪ ಅವಳ ಕಡೆ ತಿರುಗಿ ನೋಡಿದ. "ಇವಳದಾ?"

"ಇಬ್ಬರದೂ. ಅದೇ ಆರು, ಅದೇ ಥರ. ತಪ್ಪು ಯಾರಾದ್ರೂ ಮಾಡ್ತಾರೆ, ಮೇಷ್ಟ್ರೇ. ಆದ್ರೆ ಇಬ್ಬರು ಒಂದೇ ತಪ್ಪನ್ನ ಆರು ಸಲ ಮಾಡಿದ್ರೆ ಮೇಲಿನವರು ಅದಕ್ಕೆ ಒಂದೇ ಹೆಸರು ಇಡ್ತಾರೆ."

ಅವಳು ನೆಲದ ಟೈಲ್ಸಿನ ಬಿರುಕನ್ನು ನೋಡುತ್ತಿದ್ದಳು. ಅಪ್ಪ ಗಂಟಲು ಸರಿಮಾಡಿಕೊಂಡ.

"ಮೇಡಂ, ನನ್ನದನ್ನ ನೋಡಿ ಬರೆದಿರಬಹುದು. ಸಣ್ಣವಳು. ಧೈರ್ಯ ಸಾಲದು. ಸ್ಕೂಲಲ್ಲೂ ಹಾಗೇ, ಉತ್ತರ ಗೊತ್ತಿದ್ರೂ ಕೈ ಎತ್ತುತ್ತಿರಲಿಲ್ಲ. ಒಂದು ಸಲ ಕ್ಷಮಿಸಿಬಿಡಿ, ನಾನು ಮನೇಲಿ ಬುದ್ಧಿ ಹೇಳ್ತೀನಿ. ಇನ್ನು ನನ್ನದರ ವಿಷಯ..." ಅಚ್ಚಾದ ಹಾಳೆಯನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದ. "ಇದು ಅಚ್ಚಿನ ತಪ್ಪು. ಉತ್ತರ ಬರೆದವರು ಯಾರೋ ಹೊಸಬರು."

ಮೇಡಂ ಆ ಹಾಳೆಯನ್ನು ವಾಪಸು ತೆಗೆದುಕೊಂಡರು. ಮೇಷ್ಟ್ರ ಮೇಲಿನ ಗೌರವ ಅವರಿಗೂ ಇತ್ತು. ಕೊನೆಗೆ ಅವಳ ಕಡೆ ನೋಡಿ ನಿಧಾನವಾಗಿ ಹೇಳಿದರು. "ನೋಡಮ್ಮಾ, ಕಾಪಿ ಹೊಡೆದದ್ದಾದ್ರೆ ಹೊಡೆದವರು ಮನೆಗೆ ಹೋಗ್ಬೇಕು, ನನ್ನ ಕೈಲಿ ಏನೂ ಇಲ್ಲ. ಕಾಪಿ ಅಲ್ಲ, ನಿಯಮವನ್ನೇ ಇಬ್ಬರೂ ತಪ್ಪು ತಿಳ್ಕೊಂಡಿದೀರಿ ಅಂತಾದ್ರೆ, ಮತ್ತೆ ತರಬೇತಿ ಕೊಡಿ ಅಂತ ನಾನು ಕೇಳಿ ನೋಡ್ಬಹುದು. ಈಗಲೇ ನೋಡೋಣ. ಹೊಸ ಹತ್ತು ವಾಕ್ಯ. ಮೇಷ್ಟ್ರು ಇಲ್ಲೇ ಕೂರಲಿ, ನೀನು ಸ್ಟೋರ್ ರೂಮಿಗೆ ಹೋಗು."

ಹಾಳೆಯ ಜೊತೆ ಒಂದು ಪೆನ್ನನ್ನೂ ಕೊಟ್ಟರು. ಅಳಿಸುವ ಪ್ರಶ್ನೆಯೇ ಬರಬಾರದೆಂದು.

ಸ್ಟೋರ್ ರೂಮಿನಲ್ಲಿ ಹಳೆಯ ಕಂಪ್ಯೂಟರಿನ ಖಾಲಿ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿದ್ದವು. ಒಂದು ಮುರಿದ ಕುರ್ಚಿಯ ಮೇಲೆ ಕೂತು, ಇನ್ನೊಂದರ ಮೇಲೆ ಹಾಳೆ ಇಟ್ಟುಕೊಂಡಳು. ಎಲ್ಲವೂ ಉದ್ದುದ್ದ ವಾಕ್ಯಗಳು. ಮೇಡಂ ಬೇಕೆಂದೇ ಆರಿಸಿದ್ದರು. ಸರಿಯಾಗಿ ಬಿಡಿಸಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ತಾನು ಕಾಪಿ ಹೊಡೆದವಳಾಗಿ ಮನೆಗೆ ಹೋಗುತ್ತಾಳೆ. ಅದು ಹೋಗಲಿ. ಆದರೆ ಅಪ್ಪನ ಹಾಳೆ ಒಂಟಿಯಾಗಿ ಉಳಿಯುತ್ತದೆ. ನಾಳೆಯಿಂದ ಬೇರೆ ಯಾರೋ ಅವನ ಜೋಡಿ. ಜಗಳದ ಟ್ರೇ ದಿನದಿನ ತುಂಬುತ್ತದೆ. ಪ್ರತಿ ಸಲವೂ ಅಪ್ಪ ಸೋಲುತ್ತಾನೆ, ಅಲ್ಪವಿರಾಮನಂಥವರ ಎದುರಿಗೆ. ಅಪ್ಪ ನಿಂತಲ್ಲೇ ತಾನೂ ನಿಂತರೆ? ಆಗ ಕಾಪಿಯ ಮಾತಿಲ್ಲ. ತಪ್ಪಿಗೆ ಇಬ್ಬರಾಗುತ್ತಾರೆ. ತರಬೇತಿ ಎಂದರಲ್ಲ ಮೇಡಂ.

ಪೆನ್ನಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಗೋಡೆಯಾಚೆ ಕೂತ ಅಪ್ಪನನ್ನು ನೆನೆದಳು. ಅಪ್ಪ ಈಗ ಮೊದಲ ಪದದ ಮೇಲೆ ಬೆರಳಿಟ್ಟಿದ್ದಾನೆ. ತುಟಿ ಅಲ್ಲಾಡಿಸುತ್ತ ಬರುತ್ತಿದ್ದಾನೆ. ಇಲ್ಲಿ ಒಂದು ಕ್ರಿಯಾಪದ ಕಂಡಿತು. ಇಲ್ಲಿ ಉಸಿರು ಬಿಟ್ಟ. ಅವಳು ಎರಡು ಗೆರೆ ಎಳೆದಳು. ಎರಡನೆಯ ವಾಕ್ಯ, ಮೂರನೆಯದು. ಮೂವತ್ತನಾಲ್ಕು ವರ್ಷ ಮಕ್ಕಳ ಕೈ ಹಿಡಿದು ವಾಕ್ಯದ ತುದಿ ಮುಟ್ಟಿಸಿದವನ ಜೊತೆ ಅವಳು ಒಂದೊಂದೇ ವಾಕ್ಯದ ನಡುವೆ ನಿಂತಳು. ಏಳನೆಯದರಲ್ಲಿ ಮಾತ್ರ ಪೆನ್ನು ನಿಂತಿತು. ಅಪ್ಪ ಎಲ್ಲಿ ನಿಲ್ಲುತ್ತಾನೆಂದು ಥಟ್ಟನೆ ಗೊತ್ತಾಗಿತ್ತು. ಆದರೆ ಸರಿ ಉತ್ತರ ಯಾವುದು? ಮತ್ತೆ ಓದಿದಳು. ಮತ್ತೊಮ್ಮೆ. ಬೆಳಗಿನ ಟ್ಯೂಬಿನ ವಾಕ್ಯದ ಹಾಗೆಯೇ ಅದು ಅವಳೆದುರು ಸುಮ್ಮನೆ ಬಿದ್ದಿತ್ತು. ಬೇಕೆಂದು ಬರೆದ ತಪ್ಪೋ, ತಿಳಿಯದೆ ಬರೆದ ತಪ್ಪೋ ಎಂದು ತನಗೇ ಗೊತ್ತಿಲ್ಲದೆ ಅಪ್ಪನ ಗೆರೆಯನ್ನೇ ಎಳೆದು ಮುಂದೆ ಹೋದಳು.

ಮೇಡಂ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಬೆರಳಿಟ್ಟು ಒಂದೊಂದಾಗಿ ಬಂದರು. ಹತ್ತಕ್ಕೆ ಹತ್ತು ಒಂದೇ. ಅವರ ಮುಖ ಒಂದು ಗಳಿಗೆ ಹಗುರಾಯಿತು. "ಅಬ್ಬ, ಕಾಪಿ ಅಲ್ಲ ಬಿಡಿ," ಎಂದು ಫೋನ್ ಎತ್ತಿಕೊಂಡು ಹೊರಗೆ ಹೋದರು. ಗಾಜಿನಾಚೆ ಅವರು ಮಾತಾಡುವುದು ಕಾಣುತ್ತಿತ್ತು. ಮೊದಲು ಕೈ ಆಡಿಸುತ್ತ ಮಾತಾಡಿದರು. ಆಮೇಲೆ ಬರೀ ಕೇಳಿಸಿಕೊಂಡರು. ಕೊನೆಗೆ ತಲೆ ಅಲ್ಲಾಡಿಸಿದರು.

ಒಳಗೆ ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

"ಒಬ್ಬರು ಕಾಪಿ ಹೊಡೆದಿದ್ರೇ ವಾಸಿ ಇತ್ತಂತೆ," ಎಂದರು. "ಅಂಥವರನ್ನ ಬದಲಾಯಿಸ್ಬಹುದು ಅಂತಾರೆ. ಇಬ್ಬರೂ ಒಂದೇ ಥರ ತಪ್ಪು ಮಾಡಿದ್ರೆ ಅದು ಯಾವತ್ತೂ ಕೆಂಪು ಟ್ರೇಗೆ ಬರೋದೇ ಇಲ್ಲ, ಸರಿ ಅಂತಲೇ ಹೋಗಿಬಿಡತ್ತೆ. ಎಂಟು ತಿಂಗಳಿನ ನಿಮ್ಮ ಹಾಳೆಗಳನ್ನೆಲ್ಲ ಬೇರೆಯವರಿಂದ ಮತ್ತೆ ಮಾಡಿಸ್ಬೇಕಂತೆ. ತರಬೇತಿ ಗಿರಬೇತಿ ಏನೂ ಇಲ್ಲ ಅಂದ್ರು." ಕೆನೆಗಟ್ಟಿದ ಟೀ ಲೋಟವನ್ನು ಸುಮ್ಮನೆ ಆಚೆ ಸರಿಸಿದರು. "ನಾಳೆಯಿಂದ ಬರೋದು ಬೇಡ ಮೇಷ್ಟ್ರೇ. ಇಬ್ಬರೂ."

ಮೇಜು ಖಾಲಿ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ನಿಘಂಟು, ಎರಡು ಡಬ್ಬಿ, ಅವಳ ಪೆನ್ಸಿಲುಗಳು. ಅಲ್ಪವಿರಾಮ ಎದ್ದು ನಿಂತು ಏನೋ ತಮಾಷೆ ಹೇಳಲು ಬಾಯಿ ತೆರೆದ, ಹೊಳೆಯದೆ ನಿಘಂಟನ್ನು ಚೀಲಕ್ಕೆ ಹಾಕಿಕೊಟ್ಟ. "ಮೆಟ್ಟಿಲು ಹುಷಾರು, ಮೇಷ್ಟ್ರೇ," ಎಂದಷ್ಟೇ ಹೇಳಿದ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಪ್ಪ-ಮಗಳು ಕೂತರು. ಇನ್ನೂ ಮಧ್ಯಾಹ್ನ ಹನ್ನೆರಡು ಗಂಟೆ. ಈ ಹೊತ್ತಿನಲ್ಲಿ ಅವರು ಎಂದೂ ಬೀದಿ ನೋಡಿರಲಿಲ್ಲ. ಅಪ್ಪ ಕುಗ್ಗಿ ಕೂರಬಹುದೆಂದು ಅವಳು ಹೆದರಿದ್ದಳು. ಅವನ ಕಣ್ಣು ಹೊಳೆಯುತ್ತಿತ್ತು.

"ನೋಡಿದ್ಯಾ? ಬೇರೆ ಬೇರೆ ರೂಮು, ಮಧ್ಯ ಗೋಡೆ. ಆದ್ರೂ ಹತ್ತಕ್ಕೆ ಹತ್ತು! ಅವರ ಉತ್ತರಾನೇ ತಪ್ಪು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನು? ನಾನು ಸುಮ್ಮನೆ ಬೆಳಿಗ್ಗೆ ನಿನ್ನ ಮೇಲೆ ಅನುಮಾನಪಟ್ಟೆ. ಕಾಪಿ ಹೊಡೆಯೋಳಲ್ಲ ನನ್ನ ಮಗಳು." ಅವಳ ಬೆನ್ನು ತಟ್ಟಿದ. "ಮೇಲಿನವರಿಗೆ ಕಾಗದ ಬರೆಯೋಣ. ಒಂದು ಬೋರ್ಡ್ ತರಿಸಿ, ಎಲ್ಲಾ ಸಾಹೇಬ್ರುಗಳನ್ನೂ ಕೂರಿಸಿ ಅಂತ. ಆ ಹತ್ತನ್ನೂ ಅವರೆಲ್ಲರ ಮುಂದೆ ಬಿಡಿಸಿ ತೋರಿಸ್ತೀನಿ. ನೀನೂ ಜೊತೆಗಿರಬೇಕು. ತೆಗಿ, ಬರ್ಕೋ."

ಅವಳ ಬಳಿ ಇದ್ದ ಕಾಗದವೆಂದರೆ ದಿನಚರಿಯೊಂದೇ. ತೆಗೆದು ಕೊನೆಯ ಖಾಲಿ ಪುಟ ಮಾಡಿಕೊಂಡಳು. ಅಪ್ಪ ತನ್ನ ಪೆನ್ನಿನ ಮುಚ್ಚಳ ತೆಗೆದು ಪೆನ್ನಿನ ಹಿಂದಕ್ಕೆ ಸಿಕ್ಕಿಸಿ ಅವಳ ಕೈಗೆ ಕೊಟ್ಟ. ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತ ಅಪ್ಪ ಅವಳ ಕಣ್ಣಿಗೆ ಕಟ್ಟಿದ. ಕೋಣೆ ತುಂಬ ಅಪರಿಚಿತರು. ಉದ್ದದ ಒಂದು ವಾಕ್ಯ. ಅದರ ನಡುವೆ ಅಪ್ಪ, ಹಿಂದೆ ಬೆಂಚಿನಲ್ಲಿ ಯಾರೋ ನಗುವ ಸದ್ದು.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, ತರಗತಿಯ ದನಿಯಲ್ಲಿ, ಇಂಗ್ಲಿಷಿನಲ್ಲಿ ಹೇಳತೊಡಗಿದ. ಕೆಳಗೆ ಸಹಿ ಮಾಡಿರುವ ತಾನು, ಮೂವತ್ತನಾಲ್ಕು ವರ್ಷ ಈ ಭಾಷೆಯನ್ನು ಕಲಿಸಿದವನು, ತನ್ನ ಮಗಳ ಜೊತೆಯಲ್ಲಿ, ತಮ್ಮ ಕಚೇರಿಯ ಈ ದಿನದ ಆಜ್ಞೆಗೆ ಸಂಬಂಧಿಸಿದಂತೆ...

ನಿಂತ.

ಬಸ್ಸೊಂದು ಬಂದು, ಅವರನ್ನು ನೋಡಿ ತುಸು ನಿಧಾನಿಸಿ, ಮುಂದೆ ಹೋಯಿತು. ಅಪ್ಪ ಅವಳ ಮುಖ ನೋಡುತ್ತಿದ್ದ. ಅವಸರವೇನೂ ಇರಲಿಲ್ಲ ಅವನಿಗೆ. ಮಿಕ್ಕಿದ್ದು ಬರುತ್ತದೆ, ಯಾವಾಗಲೂ ಯಾರೋ ತಂದು ಕೊಡುತ್ತಾರೆ ಎಂಬ ನಂಬಿಕೆ ಆ ಕಣ್ಣುಗಳಲ್ಲಿತ್ತು. ಅಲ್ಲಿ ಬೇಕಿದ್ದ ಪದ ಅವಳ ನಾಲಿಗೆಯ ತುದಿಯಲ್ಲಿಯೇ ಇತ್ತು. ಅದನ್ನು ಬರೆದರೆ ವಾಕ್ಯ ಮುಗಿಯುತ್ತದೆ. ಆಮೇಲೆ ಇನ್ನೊಂದು ವಾಕ್ಯ, ಅದನ್ನೂ ಅವಳೇ ಮುಗಿಸಬೇಕು, ಕಾಗದ ಮೇಲಿನವರಿಗೆ ಹೋಗುತ್ತದೆ, ಬೋರ್ಡು ಬರುತ್ತದೆ.

ಪೆನ್ನನ್ನು ಅಪ್ಪನ ಕೈಗೆ ವಾಪಸು ಕೊಟ್ಟಳು.

"ಸರ್," ಎಂದಳು. ಆಮೇಲೆ, "ಅಪ್ಪ."

"ಹೂಂ, ಹೇಳು."

"ಹತ್ತೂ ತಪ್ಪು, ಅಪ್ಪ. ನೀನು ಎಲ್ಲಿ ತಪ್ಪು ಮಾಡ್ತೀಯ ಅಂತ ಗೊತ್ತಿತ್ತು. ಅದಕ್ಕೆ ನಾನೂ ಅದನ್ನೇ ಬರೆದೆ. ಎಂಟು ತಿಂಗಳಿಂದ ಅದನ್ನೇ ಬರೀತಿದೀನಿ." ತನ್ನ ದನಿ ಇಷ್ಟು ಗಟ್ಟಿಯಾಗಿ ಹೊರಗೆ ಕೇಳಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ. "ನಿನಗೆ ಇದು ಇನ್ನು ಆಗಲ್ಲ, ಅಪ್ಪ."

ಅಪ್ಪ ಪೆನ್ನಿನ ಮುಚ್ಚಳಕ್ಕಾಗಿ ಬೆಂಚಿನ ಮೇಲೆ ತಡಕಿದ, ಬಗ್ಗಿ ಕಾಲಬುಡದಲ್ಲಿ ನೋಡಿದ, ಅಂಗಿಯ ಜೇಬಿಗೆ ಕೈಹಾಕಿದ. ಅದು ಅವನ ಕೈಯಲ್ಲಿ, ಪೆನ್ನಿನ ಹಿಂಬದಿಗೇ ಸಿಕ್ಕಿಕೊಂಡಿತ್ತು.